ಅಪ್ಪ ಅಮ್ಮ ಇಬ್ಬರಿಗೂ ಶುಗರ್ ಇದೆ, ನಾನು ಜೀನ್ ಟೆಸ್ಟ್ ಮಾಡಿಸಬೇಕಾ?

ಪ್ರಶ್ನೆ: ನನಗೆ 34 ವರ್ಷ. ಅಪ್ಪ ಅಮ್ಮ ಇಬ್ಬರಿಗೂ ಟೈಪ್ 2 ಶುಗರ್. ನಾನು ಸಣ್ಣಗಿದ್ದೇನೆ, ಖಾಲಿ ಹೊಟ್ಟೆಯ ಶುಗರ್ ನಾರ್ಮಲ್ ಇದೆ. ಎಂಜಲು ಕಳಿಸಿದರೆ ಜೀನ್ ನೋಡಿ ಅಪಾಯ ಹೇಳುತ್ತಾರಂತೆ. ಮಾಡಿಸಿದವರು ಇದ್ದರೆ ಅನುಭವ ಹೇಳಿ.

ಉತ್ತರ: ನಮ್ಮ ಮನೆಯಲ್ಲೂ ಇದೇ ಕತೆ. ನಾನು ಮಾಡಿಸಿದ್ದೇನೆ. ವರದಿಯಲ್ಲಿ ಹಸಿರಿನಿಂದ ಕೆಂಪಿನವರೆಗೆ ಒಂದು ಪಟ್ಟಿ, ಕೆಂಪಿನ ಹತ್ತಿರ ಒಂದು ಬಾಣ, ಕೆಳಗೆ 'ಸರಾಸರಿಗಿಂತ ಜಾಸ್ತಿ ಅಪಾಯ' ಅಂತ ಇತ್ತು. ಅಪ್ಪ ಅಮ್ಮ ಇಬ್ಬರಿಗೂ ಇದ್ದರೆ ಅಷ್ಟು ಮೊದಲೇ ಗೊತ್ತಿರುತ್ತದೆ ಅಲ್ವಾ?

ಟೈಪ್ 2 ಒಂದೇ ಜೀನಿನಿಂದ ಬರುವುದಿಲ್ಲ. ಡಿಎನ್ಎಯಲ್ಲಿ ಇದಕ್ಕೆ ನಂಟಿರುವ 600ಕ್ಕೂ ಹೆಚ್ಚು ಜಾಗಗಳು ಈವರೆಗೆ ಸಿಕ್ಕಿವೆ. ಒಂದೊಂದರ ಪಾಲೂ ಚಿಕ್ಕದು. ಸಾಮಾನ್ಯವಾಗಿ ಕಾಣುವವುಗಳಲ್ಲಿ ಜೋರಾಗಿರುವುದು ಟಿಸಿಎಫ್7ಎಲ್2 ಅನ್ನುವ ಜೀನ್. 2006ರಲ್ಲಿ ಐಸ್‌ಲ್ಯಾಂಡಿನ ಸಂಶೋಧಕರು ಇದನ್ನು ಗುರುತಿಸಿದರು. ಇದರ ಅಪಾಯದ ರೂಪ ಇದ್ದವರಲ್ಲಿ ಊಟವಾದ ಮೇಲೆ ಇನ್ಸುಲಿನ್ ಸಾಕಷ್ಟು ಬರುವುದಿಲ್ಲ. ಪ್ರತಿ ಜೀನೂ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಅಂತ ಎರಡು ಪ್ರತಿ ಬರುತ್ತದೆ. ಅದರಲ್ಲಿ ಒಂದು ಪ್ರತಿ ಅಪಾಯದ ರೂಪದ್ದಾದರೆ ಅಪಾಯ ಸುಮಾರು 1.4 ಪಟ್ಟು.

ಇನ್ನೊಂದು ಮಾತು. ಇಂಥ ಲೆಕ್ಕಗಳಿಗೆ ಆಧಾರವಾದ ಸಂಶೋಧನೆ ಹೆಚ್ಚಾಗಿ ಯುರೋಪ್ ಮೂಲದವರ ಮೇಲೆ ನಡೆದದ್ದು. ನಮ್ಮವರಿಗೆ ಅದು ಅಷ್ಟು ಸರಿಯಾಗಿ ಹೊಂದುವುದಿಲ್ಲ.

ನನಗೆ ಧೈರ್ಯ ಬಂದಿದ್ದು ಅಮೆರಿಕದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಅನ್ನುವ ಅಧ್ಯಯನದ ಬಗ್ಗೆ ಓದಿದ ಮೇಲೆ. ಶುಗರ್ ಬರುವ ಬಾರ್ಡರ್‌ನಲ್ಲಿದ್ದವರಿಗೆ ತೂಕ ಶೇ 7ರಷ್ಟು ಇಳಿಸುವ, ವಾರಕ್ಕೆ 150 ನಿಮಿಷ ಮೈ ದಣಿಸುವ ಗುರಿ ಕೊಟ್ಟರು. ಅವರಲ್ಲಿ ಶುಗರ್ ಬರುವುದು ಶೇ 58ರಷ್ಟು ಕಡಿಮೆಯಾಯಿತು. ಟಿಸಿಎಫ್7ಎಲ್2 ಜೀನಿನ ಎರಡೂ ಪ್ರತಿ ಅಪಾಯದ ರೂಪದ್ದೇ ಆಗಿದ್ದವರಿಗೂ ಲಾಭ ಸಿಕ್ಕಿತು. ಅಂದಮೇಲೆ ಟೆಸ್ಟ್‌ನಲ್ಲಿ ಏನೇ ಬಂದರೂ ಮಾಡಬೇಕಾದ ಕೆಲಸ ಒಂದೇ. ನೀವು ಆ ದುಡ್ಡು ಉಳಿಸಿಕೊಳ್ಳಿ ಅಂತಲೇ ನಾನು ಹೇಳುವುದು.

ಇನ್ನೊಬ್ಬರು: ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ಒಂದು ಕಡೆ ಜೀನ್ ಟೆಸ್ಟ್ ನಿಜಕ್ಕೂ ಬೇಕು. ನಮ್ಮ ಅಕ್ಕನ ಮಗನಿಗೆ ಕಾಲೇಜಿಗೆ ಹೋಗುವಾಗಲೇ ಶುಗರ್ ಬಂತು. ಕಡ್ಡಿಯಂಥ ಹುಡುಗ. ಟೈಪ್ 1 ಇರಬೇಕು ಅಂತ ಇನ್ಸುಲಿನ್ ಶುರುವಾಯಿತು. ಆಮೇಲೆ ತೋರಿಸಿದ ಶುಗರ್ ಸ್ಪೆಷಲಿಸ್ಟ್ ಮನೆಯವರ ವಿಚಾರ ಒಬ್ಬೊಬ್ಬರದಾಗಿ ಕೇಳಿದರು. ಅಜ್ಜಿ, ಅಕ್ಕ, ಇವನು ಅಂತ ಚೀಟಿಯ ಹಿಂದೆ ಗೆರೆ ಎಳೆದುಕೊಂಡು ಬರೆದರು. ಮೂರು ತಲೆಮಾರು, ಎಲ್ಲರಿಗೂ ಚಿಕ್ಕ ವಯಸ್ಸಿನಲ್ಲೇ ಬಂದಿತ್ತು.

ರಕ್ತದಿಂದ ಜೀನ್ ಟೆಸ್ಟ್ ಮಾಡಿಸಿದಾಗ ಮೋಡಿ (MODY, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಬರುವ ಶುಗರ್) ಅನ್ನುವ ಬಗೆ, ಎಚ್ಎನ್ಎಫ್1ಎ ಜೀನಿನಲ್ಲಿ ದೋಷ ಅಂತ ಬಂತು. ಇದರಲ್ಲಿ ಒಂದೇ ಜೀನ್ ಸಾಕು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಇಂಥವರಿಗೆ ಸಲ್ಫೋನೈಲ್ಯೂರಿಯಾ ಗುಂಪಿನ ಮಾತ್ರೆ ಚೆನ್ನಾಗಿ ಹಿಡಿಯುತ್ತದೆ. ಡಾಕ್ಟರ್ ಕಣ್ಣಿಟ್ಟು ನಿಧಾನಕ್ಕೆ ಬದಲಿಸಿದರು, ಈಗ ಅವನು ಮಾತ್ರೆಯಲ್ಲೇ ಇದ್ದಾನೆ. ದಯವಿಟ್ಟು ಯಾರೂ ತಾವಾಗಿ ಇನ್ಸುಲಿನ್ ಬಿಡಬೇಡಿ. ನಿಮ್ಮ ಮನೆಯಲ್ಲಿ ಯಾರಿಗಾದರೂ 25ರ ಒಳಗೆ ಬಂದಿದೆಯಾ, ಕೇಳಿ ನೋಡಿ.

ಮತ್ತೊಬ್ಬರು: ಸಣ್ಣಗಿದ್ದೇನೆ ಅಂದಿರಲ್ಲ, ಅದನ್ನು ನಂಬಿ ಸುಮ್ನೆ ಕೂರಬೇಡಿ. ನಮ್ಮವರಲ್ಲಿ ಕೈಕಾಲು ತೆಳ್ಳಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಇರುತ್ತದೆ. ಪುಣೆಯ ಡಾ. ಯಾಜ್ಞಿಕ್ ನವಜಾತ ಶಿಶುಗಳಲ್ಲೇ ಇದನ್ನು ತೋರಿಸಿದ್ದಾರೆ. ತೂಕದ ಜೊತೆ ಸೊಂಟಕ್ಕೂ ಟೇಪ್ ಹಿಡಿಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು.

ಖಾಲಿ ಹೊಟ್ಟೆಯದು ಮಾತ್ರ ನೋಡಿದರೆ ಸಾಲದು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ರಕ್ತ ತೆಗೆಯುವ ಜಿಟಿಟಿ ಮಾಡಿಸಿ. 140ರಿಂದ 199 ಬಂದರೆ ಬಾರ್ಡರ್. ನನಗೆ ಹಾಗೆ ಸಿಕ್ಕಿದ್ದು, ಖಾಲಿ ಹೊಟ್ಟೆಯದು ಆಗಲೂ ನಾರ್ಮಲ್ಲೇ ಇತ್ತು. ಆಮೇಲೆ ಅನ್ನ ಬಿಟ್ಟು ಮುದ್ದೆ ತಿನ್ನು ಅಂತ ಎಲ್ಲರೂ ಹೇಳಿದರು. ಮುದ್ದೆಯಲ್ಲೂ ಪಿಷ್ಟ ಇದೆ, ಅದಕ್ಕೇ ಚಿಕ್ಕದು ಕಟ್ಟಿಸಿಕೊಂಡು ಸೊಪ್ಪು, ಕಾಳು ಜಾಸ್ತಿ ಹಾಕಿಸಿಕೊಳ್ಳುತ್ತೇನೆ. ನಿಮ್ಮ ಅಣ್ಣ ತಮ್ಮ, ಅಕ್ಕ ತಂಗಿ ಇದ್ದರೆ ಅವರನ್ನೂ ಲ್ಯಾಬಿಗೆ ಕರೆದುಕೊಂಡು ಹೋಗಿ, ಅಪಾಯ ಅವರಿಗೂ ಇದೆ.