ರಜೆಯ ಸಂಜೆಯ ಕಾರ್ಯಕ್ರಮಕ್ಕೆ 20 ಗಾರ್ಡ್‌ಗಳು, ಎಲ್ಲೆಲ್ಲಿ ನಿಲ್ಲಿಸೋದು?

ಉತ್ಸವಸಮಿತಿ:
ರಜೆಯ ದಿನ ಸಂಜೆ ಬಯಲಿನಲ್ಲಿ ಕಾರ್ಯಕ್ರಮ. ಮೈದಾನ 80 × 50 ಮೀಟರ್, ಸುತ್ತ ಬೇಲಿ, ಒಂದು ತುದಿಗೆ ವೇದಿಕೆ, ಕೊನೆಯಲ್ಲಿ ಬಾಣಬಿರುಸು. ಒಂದೇ ಹೊತ್ತಿಗೆ 6,000 ಜನ ಸೇರುವ ಅಂದಾಜಿದೆ. ಗೇಟ್ ಮೂರು: 4 ಮೀಟರ್, 3 ಮೀಟರ್, 2 ಮೀಟರ್ ಅಗಲ. ಏಜೆನ್ಸಿಯವರು 20 ಗಾರ್ಡ್ ಕೊಡ್ತಾರೆ. ನಮ್ಮ ಯೋಚನೆ ಹೀಗೆ: 14 ಜನ ದೊಡ್ಡ ಗೇಟಿನಲ್ಲಿ ತಪಾಸಣೆಗೆ, 4 ಜನ ವೇದಿಕೆ ಮುಂದೆ, 2 ಜನ ವಾಹನ ನಿಲ್ಲಿಸೋ ಜಾಗಕ್ಕೆ. ಉಳಿದೆರಡು ಗೇಟಿಗೆ ಬೀಗ, ಮುಗಿಯೋ ಹೊತ್ತಿಗೆ ತೆಗೆಯೋದು. ಇಷ್ಟು ಸಾಕಾ?

ಗೇಟುಗಾವಲು:
ಸಾಲದು. ಗಾರ್ಡ್ ಸಂಖ್ಯೆಗಿಂತ ಮೊದಲು ಆ ಬೀಗದ ವಿಷಯ ಮಾತಾಡೋಣ.

ಬ್ರಿಟನ್ನಿನ ಕ್ರೀಡಾಂಗಣಗಳಿಗೆ ‘ಗ್ರೀನ್ ಗೈಡ್’ ಅಂತ ಒಂದು ಮಾರ್ಗದರ್ಶಿ ಇದೆ. ಸಮತಟ್ಟಾದ ದಾರಿಯಲ್ಲಿ 1 ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನ, ಮೆಟ್ಟಿಲಿದ್ದರೆ 66 ಜನ, ಎಲ್ಲರೂ ಹೊರಬೀಳಲು ಹೆಚ್ಚೆಂದರೆ 8 ನಿಮಿಷ ಅನ್ನೋದು ಅದರ ಲೆಕ್ಕ. ಅಂದರೆ ಒಂದೊಂದು ಮೀಟರಿಗೆ 656 ಜನ. ನಿಮ್ಮ ಮೂರೂ ಗೇಟ್ ಸೇರಿ 9 ಮೀಟರ್, 5,904 ಜನ. ಹತ್ತಿರ ಬಂತಲ್ಲ ಅಂತ ಸಮಾಧಾನ ಪಡಬೇಡಿ. ಬೆಂಕಿಯೋ ಜಗಳವೋ ಆಗೋದು ಯಾವುದಾದರೂ ಒಂದು ಗೇಟಿನ ಪಕ್ಕದಲ್ಲೇ ಇರಬಹುದು, ಹಾಗಾಗಿ ಅತಿ ದೊಡ್ಡ ಗೇಟ್ ಇಲ್ಲ ಅಂತಲೇ ಲೆಕ್ಕ ಹಾಕಬೇಕು. ಉಳಿಯೋದು 5 ಮೀಟರ್, 3,280 ಜನ. ಅದಕ್ಕೂ ಬೀಗ!

ಹಿಂಬದಿ ಬೇಲಿಯಲ್ಲಿ ಎರಡು ಕಡೆ ತಲಾ 2.5 ಮೀಟರ್, ಒಟ್ಟು ಇನ್ನೂ 5 ಮೀಟರ್ ತೆರವು ಮಾಡಿ. ಆಗ ದೊಡ್ಡ ಗೇಟ್ ಬಿಟ್ಟರೂ 10 ಮೀಟರ್ ಸಿಗುತ್ತೆ, 6,560 ಜನ. ತೆರವು ಮಾಡೋಕಾಗಲ್ಲ ಅಂದ್ರೆ 3,000ಕ್ಕೆ ಪ್ರವೇಶ ನಿಲ್ಲಿಸಿ. ನಡುವೆ ಬೇರೆ ದಾರಿಯಿಲ್ಲ.

ಹೊರಗೇಟಿಗೆ ಬೀಗದ ಬದಲು ಒಬ್ಬ ಗಾರ್ಡ್. ಬಾಗಿಲು ಹೊರಕ್ಕೆ ತೆರೆಯಬೇಕು, ಚಿಲಕ ಒಂದೇ ಇರಬೇಕು, ಆಚೆ ಕಡೆ 10 ಮೀಟರ್‌ವರೆಗೆ ಬೈಕೂ ಇರಬಾರದು. ಆ ಗಾರ್ಡ್ ಚಹಾಕ್ಕೆ ಹೋದರೂ ಬದಲಿ ಬಂದ ಮೇಲೇ ಹೋಗಬೇಕು. ಸಾಮಾನ್ಯವಾಗಿ ತಪ್ಪುವುದು ಇಲ್ಲೇ: ಏನೂ ನಡೆಯದ ಗೇಟು ಅಂತ ಅವನನ್ನೇ ಬೇರೆ ಕೆಲಸಕ್ಕೆ ಕರೀತಾರೆ.

ಸಾಲುಸರಿ:
ಸಂಖ್ಯೆಯ ಬಗ್ಗೆ. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ ಸಂಹಿತೆ 250 ಜನರಿಗೆ ಒಬ್ಬ ತರಬೇತಿ ಪಡೆದ ಜನಸಂದಣಿ ನಿರ್ವಾಹಕ ಬೇಕು ಅನ್ನುತ್ತೆ. 6,000 ಜನಕ್ಕೆ 24. ಚೀಲ ತೆರೆಸಿ ನೋಡ್ತಿರೋ 14 ಜನ ಈ ಲೆಕ್ಕಕ್ಕೆ ಬರಲ್ಲ, ಅವರ ಕಣ್ಣು ಚೀಲದೊಳಗಿರುತ್ತೆ.

ತಪಾಸಣೆಯ ವೇಗವನ್ನು ಹಿಂದಿನ ದಿನವೇ ಗಡಿಯಾರ ಹಿಡಿದು ಅಳೆಯಿರಿ. ಒಬ್ಬರಿಗೆ 10 ಸೆಕೆಂಡ್ ಹಿಡಿದರೆ ಒಂದು ಸಾಲಿಗೆ ನಿಮಿಷಕ್ಕೆ 6 ಜನ. ಅರ್ಧದಷ್ಟು ಜನ ಕೊನೆಯ 45 ನಿಮಿಷದಲ್ಲೇ ಬಂದರೆ ನಿಮಿಷಕ್ಕೆ 67 ಜನ, ಅಂದರೆ 12 ಸಾಲು. 5 ಸೆಕೆಂಡಿಗೆ ಇಳಿಸಿದರೆ 6 ಸಾಲು ಸಾಕು. ಇಳಿಸೋದು ಹೇಗೆ? ಚೀಲ ಇಲ್ಲದವರಿಗೆ ಬೇರೆ ಸಾಲು ಮಾಡಿ, ಏನೇನು ತರಬಾರದು ಅನ್ನೋ ಫಲಕವನ್ನು ಮೇಜಿನ ಮೇಲಲ್ಲ, ಸಾಲಿನ ಬಾಲದಲ್ಲಿ ನಿಲ್ಲಿಸಿ. ಮೇಜಿಗೆ ಬಂದ ಮೇಲೆ ವಾದ ಶುರುವಾದರೆ ಹಿಂದಿನ ನೂರು ಜನ ಒತ್ತುತ್ತಾರೆ. ವಾದ ಮಾಡೋರನ್ನು ಪಕ್ಕಕ್ಕೆ ಕರೆದು ಮಾತಾಡಲು 2 ಮೀಟರ್ ಖಾಲಿ ಜಾಗ, ಒಬ್ಬ ಹಿರಿಯ ಗಾರ್ಡ್ ಇರಲಿ. ಹೆಂಗಸರನ್ನು ಮುಟ್ಟಿ ತಪಾಸಣೆ ಮಾಡೋದು ಮಹಿಳಾ ಗಾರ್ಡ್ ಮಾತ್ರ, ಹೇಳಿ ಒಪ್ಪಿಸಿಕೊಂಡೇ. ಒಪ್ಪದಿದ್ದರೆ ಒಳಗೆ ಬಿಡದಿರಬಹುದು, ಕೈ ಹಾಕುವಂತಿಲ್ಲ.

ಒಳಗೆ ಬಂದವರನ್ನೂ ಹೊರಗೆ ಹೋದವರನ್ನೂ ಕೈ ಕೌಂಟರಿನಿಂದ ಎಣಿಸಿ, 15 ನಿಮಿಷಕ್ಕೊಮ್ಮೆ ಕಂಟ್ರೋಲಿಗೆ (ಎಲ್ಲ ಗೇಟಿನ ಸುದ್ದಿ ಸೇರುವ ನಿಯಂತ್ರಣ ಕೇಂದ್ರಕ್ಕೆ) ತಿಳಿಸಿ. ಹೊರಹೋದವರನ್ನು ಎಣಿಸದೇ ಬಿಟ್ಟರೆ ಎರಡು ಗಂಟೆಯಲ್ಲಿ ಆ ಅಂಕಿ ಬರೀ ಅಲಂಕಾರ.

ವೇದಿಕೆ ಮುಂದಿನ ನಾಲ್ವರು ವೇದಿಕೆಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ನಿಲ್ಲಬೇಕು. ಹಾಡು ನೋಡ್ತಾ ನಿಂತ ಗಾರ್ಡ್‌ಗೂ ಪ್ರೇಕ್ಷಕನಿಗೂ ಸಮವಸ್ತ್ರ ಒಂದೇ ವ್ಯತ್ಯಾಸ.

ಉತ್ಸವಸಮಿತಿ:
ಬೀಗ ಬೇಡ, ಒಪ್ಪಿದೆ. ಹಿಂಬದಿ ಬೇಲಿಯನ್ನೂ ತೆಗೆಸ್ತೀವಿ. ಆದರೆ ಕಾಲ್ತುಳಿತ ಆಗೋ ಹಾಗಿದ್ರೆ ಗಾರ್ಡ್‌ಗೆ ಮೊದಲೇ ಗೊತ್ತಾಗೋದು ಹೇಗೆ? ಗೊತ್ತಾದ್ರೂ ಏನು ಮಾಡಬೇಕು? ಪೊಲೀಸರ ಕೆಲಸ ಅಲ್ವಾ ಅದು?

ಗೇಟುಗಾವಲು:
‘ಕಾಲ್ತುಳಿತ’ ಅನ್ನೋ ಪದವೇ ದಾರಿ ತಪ್ಪಿಸುತ್ತೆ. ಇಂಥ ಕಡೆ ಬಹಳಷ್ಟು ಜನ ಸಾಯೋದು ತುಳಿತದಿಂದಲ್ಲ, ನಿಂತಲ್ಲೇ ಎದೆ ಒತ್ತಿಹೋಗಿ ಉಸಿರು ಎಳೆಯಲಾಗದೆ. ಯಾರೂ ಓಡಿರೋದೇ ಇಲ್ಲ. ಹಾಗಾಗಿ ಓಟ ಶುರುವಾಗಲಿ ಅಂತ ಕಾಯ್ತಾ ಕೂತರೆ ತಡವಾಯ್ತು.

ಅಳತೆ ಹೀಗೆ ಮಾಡಿ. ಬ್ಯಾರಿಕೇಡಿನ ಮೇಲೆ 2 ಮೀಟರಿಗೊಂದು ಬಣ್ಣದ ಟೇಪ್ ಸುತ್ತಿ. ಎರಡು ಟೇಪಿನ ನಡುವೆ, ಹಿಂದಕ್ಕೂ ಅಷ್ಟೇ ದೂರದ ಚೌಕದಲ್ಲಿ, ಎತ್ತರದಲ್ಲಿ ನಿಂತವನು ತಲೆ ಎಣಿಸಲಿ. 16 ತಲೆ ಅಂದರೆ ಚದರ ಮೀಟರಿಗೆ 4, ಆಗಲೇ ಕಂಟ್ರೋಲಿಗೆ ಹೇಳಬೇಕು. 20 ಅಂದರೆ 5, ಹೊಸಬರನ್ನು ಒಳಗೆ ಬಿಡೋದು ನಿಲ್ಲಬೇಕು. 6–7 ದಾಟಿದರೆ ಜನಸಂದಣಿ ನೀರಿನ ಹಾಗೆ ಅಲೆಯಾಡುತ್ತೆ, ಯಾರ ಕಾಲೂ ಅವರ ಮಾತು ಕೇಳಲ್ಲ. ಇಡೀ ಮೈದಾನದ ಸರಾಸರಿ ನೋಡಬೇಡಿ: 4,000 ಚದರ ಮೀಟರಿನಲ್ಲಿ 6,000 ಜನ ಅಂದರೆ ಸರಾಸರಿ 1.5, ಹಿಂದೆ ಖಾಲಿ, ವೇದಿಕೆ ಮುಂದೆ 6.

ಲಕ್ಷಣಗಳೂ ಇವೆ. ಎದೆಯ ಮುಂದೆ ಕೈ ಮಡಚಿ ಜಾಗ ಮಾಡಿಕೊಳ್ಳೋರು, ಮಕ್ಕಳನ್ನು ತಲೆ ಮೇಲೆ ಎತ್ತೋರು, ವೇದಿಕೆಗೆ ಬೆನ್ನು ತಿರುಗಿಸಿ ನಿಂತವರು, ಬೇಲಿ ಹತ್ತೋರು.

ಪರಿಹಾರ ಯಾವಾಗಲೂ ಹಿಂದಿನಿಂದ. ಮೊದಲು ಬರೋ ದಾರಿ ಮುಚ್ಚಿ, ಆಮೇಲೆ ಹಿಂದಿನ ಸಾಲನ್ನು ಹಿಂದಕ್ಕೆ ಸರಿಸಿ, ಕೊನೆಗೆ ಮುಂದಿನವರನ್ನು ಬ್ಯಾರಿಕೇಡ್ ದಾಟಿಸಿ ಪಕ್ಕದಿಂದ ಹೊರಗೆ. ಮುಂದಿನವರಿಗೆ ‘ಹಿಂದೆ ಸರೀರಿ’ ಅಂತ ಕೂಗಿ ಪ್ರಯೋಜನವಿಲ್ಲ, ಅವರಿಗೆ ಸರಿಯೋಕೆ ಜಾಗವೇ ಇರಲ್ಲ.

ಪೊಲೀಸರ ಕೆಲಸ ಅಂತ ಬಿಟ್ಟರೆ ಏನಾಗುತ್ತೆ ಅನ್ನೋಕೆ ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಇಟೆವಾನ್ ಬಡಾವಣೆ ನೋಡಿ. 2022ರ ಅಕ್ಟೋಬರ್ 29, ಹ್ಯಾಲೋವೀನ್ ಸಂಭ್ರಮ. ಸುಮಾರು 40 ಮೀಟರ್ ಉದ್ದ, 3.2 ಮೀಟರ್ ಅಗಲದ ಇಳಿಜಾರು ಓಣಿಗೆ ಎರಡೂ ತುದಿಯಿಂದ ಜನ ನುಗ್ಗಿದರು. ಸಂಜೆ 6:34ಕ್ಕೇ ತುರ್ತು ಕರೆ ಹೋಗಿತ್ತು, ದುರಂತ ಆದದ್ದು ರಾತ್ರಿ 10 ದಾಟಿದ ಮೇಲೆ. ಸತ್ತವರು 159. ಆ ಸಂಭ್ರಮಕ್ಕೆ ಆಯೋಜಕರು ಅಂತ ಯಾರೂ ಇರಲಿಲ್ಲ. ನಿಮ್ಮಲ್ಲಿ ಇದ್ದೀರಿ. ‘ಪ್ರವೇಶ ನಿಲ್ಲಿಸು’ ಅನ್ನೋ ಅಧಿಕಾರ ಯಾರದ್ದು ಅಂತ ಹೆಸರು ಬರೆದಿಡಿ. ಗೇಟಿನ ಮೇಲ್ವಿಚಾರಕ ಯಾರನ್ನೂ ಕೇಳದೆ ನಿಲ್ಲಿಸಬಹುದು, ಮತ್ತೆ ತೆರೆಯೋದು ಮಾತ್ರ ಕಂಟ್ರೋಲ್ ಹೇಳಿದ ಮೇಲೆ.

ರಾತ್ರಿಪಾಳಿ:
ವಾಕಿಟಾಕಿ ಬಗ್ಗೆ ಯಾರೂ ಹೇಳಲಿಲ್ಲ. ಜನ ಸೇರಿದ ಮೇಲೆ ಮೊಬೈಲ್ ನೆಟ್‌ವರ್ಕ್ ನಂಬಬೇಡಿ. ಪ್ರತಿ ಗೇಟಿಗೆ ಒಂದು ಸೆಟ್, ಜೊತೆಗೆ ಇಯರ್‌ಫೋನ್, ಇಲ್ಲದಿದ್ದರೆ ಧ್ವನಿವರ್ಧಕದ ಮುಂದೆ ಏನೂ ಕೇಳಲ್ಲ. ಮೊದಲು ಯಾರನ್ನು ಕರೀತಿದ್ದೀರೋ ಅವರ ಹೆಸರು, ಆಮೇಲೆ ನಿಮ್ಮದು: ‘ಕಂಟ್ರೋಲ್, ಗೇಟ್ ಎರಡು.’ ಉತ್ತರ ಬಂದ ಮೇಲೆ ವಿಷಯ. ಗುಂಡಿ ಒತ್ತಿ ಒಂದು ಸೆಕೆಂಡ್ ತಡೆದು ಮಾತಾಡಿ, ತಡೆಯದಿದ್ದರೆ ಮೊದಲ ಪದ ನುಂಗಿಹೋಗುತ್ತೆ. ‘ಬಿಡಬೇಡಿ’ ಅನ್ನಬೇಡಿ, ಗದ್ದಲದಲ್ಲಿ ‘ಬಿಡಿ’ ಮಾತ್ರ ಕೇಳುತ್ತೆ. ‘ನಿಲ್ಲಿಸಿ’ ಅನ್ನಿ. ಸೆಟ್ ಕೈಕೊಟ್ಟರೆ ತಲೆ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ‘ನಿಲ್ಲಿಸು’, ಅದನ್ನೂ ಮೊದಲೇ ಹೇಳಿಕೊಟ್ಟಿರಿ.

ಬಾಣಬಿರುಸು ಮುಗಿಯೋ 15 ನಿಮಿಷ ಮೊದಲು ತಪಾಸಣೆ ಸಾಲಿನ ಮೇಜು, ಹಗ್ಗ, ಫಲಕ ಎಲ್ಲ ಎತ್ತಿ, ಆ ಗಾರ್ಡ್‌ಗಳನ್ನು ಹೊರದಾರಿಗೆ ಹಾಕಿ. ಬಂದದ್ದು ಎರಡು ಗಂಟೆಯಲ್ಲಾದರೂ ಹೋಗೋದು ಎಲ್ಲರೂ ಒಟ್ಟಿಗೆ, ಕಣ್ಣು ಆಕಾಶದಲ್ಲಿ, ನೆಲ ಕತ್ತಲು. ಬೆಳಗ್ಗೆ ಜೋಡಿಸಿದ ಬ್ಯಾರಿಕೇಡಿನ ಚಾಚಿದ ಕಾಲಿಗೆ ಮೊದಲನೆಯವನು ಎಡವಿ ಬೀಳೋದು ಆಗಲೇ. ಕೊನೆಯ ಬಾಣ ಹಾರುವ ಮೊದಲೇ ಮೈದಾನದ ದೀಪ ಹಾಕಿಸಿ. ಆಂಬ್ಯುಲೆನ್ಸ್ ದಾರಿಗೆ ಇಬ್ಬರನ್ನು ಕೊನೆಯವರೆಗೂ ಬಿಡಿ, ವಾಹನಗಳೆಲ್ಲ ಹೊರಡೋವರೆಗೂ ಅವರಿಗೆ ಬಿಡುವಿಲ್ಲ.