ಇಳಾ, ಇಲಾ, ಇಳೆ: ಪಾಪುವಿನ ಹೆಸರಿನ ಬಗ್ಗೆ ಕೆಲವು ಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ.

ನಮ್ಮ ಅಣ್ಣನಿಗೆ ಹೆಣ್ಣು ಮಗು ಹುಟ್ಟಿದೆ. ವೈನಿ ಬಾಣಂತನಕ್ಕೆ ತವರಿಗೆ, ಅಂದರೆ ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆ ಕಡೆಗೆ ಹೋಗಿದ್ದಾರೆ. ಮುಂದಿನ ತಿಂಗಳು ಧಾರವಾಡಕ್ಕೆ ಬಂದ ಮೇಲೆ ಮಗುವನ್ನು ತೊಟ್ಟಿಲಿಗೆ ಹಾಕುತ್ತೇವೆ. ಸೋದರತ್ತೆ ನಾನು, ಹಾಗಾಗಿ ಕಿವಿಯಲ್ಲಿ ಹೆಸರು ಹೇಳುವವಳೂ ನಾನೇ. ಇಳಾ ಎಂಬ ಹೆಸರು ಹೆಚ್ಚುಕಡಿಮೆ ಗಟ್ಟಿಯಾಗಿದೆ. ವೈನಿ ಆರಿಸಿದ್ದು, ನನಗಂತೂ ಬಹಳ ಹಿಡಿಸಿತು. ಆದರೆ ಅದನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು, ಇಂಗ್ಲಿಷಿನಲ್ಲಿ ಹೇಗೆ, ಅದರ ಪಕ್ಕದಲ್ಲಿ ಎರಡನೇ ಹೆಸರು ಯಾವುದಿರಬೇಕು ಅನ್ನುವಲ್ಲಿ ಎರಡೂ ಮನೆಯವರದು ಒಬ್ಬೊಬ್ಬರದು ಒಂದೊಂದು ಮಾತು. ಇಲ್ಲಿ ಬಲ್ಲವರು ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಓದಿ.

ಮೊದಲು ಳಕಾರದ ವಿಷಯ. ಬೀಗರ ಮನೆಯಲ್ಲಿ "ಇಲಾ ಅಂತ ಬರೀರಿ, ಕರೆಯೋಕೆ ಸುಲಭ" ಅನ್ನುತ್ತಾರೆ. ನಾನು ಒಪ್ಪಿಲ್ಲ. ಋಗ್ವೇದದಲ್ಲಿ ಈ ಹೆಸರು ಳಕಾರದಿಂದಲೇ ಬರುತ್ತದೆ. "ಇಳಾ ಸರಸ್ವತೀ ಮಹೀ" ಎಂದು ಮೂವರು ದೇವಿಯರನ್ನು ಒಟ್ಟಿಗೆ ಕರೆಯುವ ಮಂತ್ರವಿದೆ, ಅಲ್ವಾ? ಎರಡು ಸ್ವರಗಳ ನಡುವೆ ಬಂದ ಡ ಅಲ್ಲಿ ಳ ಆಗುತ್ತದೆ. "ಅಗ್ನಿಮೀಳೇ" ಎನ್ನುವಲ್ಲಿ ಇರುವುದೂ ಅದೇ ಳ. ಆಮೇಲಿನ ಸಂಸ್ಕೃತದಲ್ಲಿ ಇದು ಇಡಾ ಎಂದೂ ಇಲಾ ಎಂದೂ ಆಯಿತು. ಕನ್ನಡದಲ್ಲಿ ಮಾತ್ರ ಭೂಮಿಗೆ ಇಳೆ ಅನ್ನುತ್ತೇವೆ, ಇಲೆ ಅನ್ನುವುದಿಲ್ಲ.

ನನ್ನ ಮೊದಲ ಪ್ರಶ್ನೆ ಇಲ್ಲೇ ಹುಟ್ಟುತ್ತದೆ. ಕೇಶಿರಾಜ 13ನೇ ಶತಮಾನದಲ್ಲೇ ಶಬ್ದಮಣಿದರ್ಪಣ ಎಂಬ ತನ್ನ ಹಳಗನ್ನಡ ವ್ಯಾಕರಣದಲ್ಲಿ ಳಕಾರಗಳನ್ನು ಬೇರೆಬೇರೆ ಮಾಡಿ ತೋರಿಸಿದ್ದಾನೆ. ಸಂಸ್ಕೃತದ ಲ ಕನ್ನಡದಲ್ಲಿ ಳ ಆದರೆ ಅದು ಕ್ಷಳ, ಕಮಲ ಕಮಳ ಆಗುವ ಹಾಗೆ. ನಮ್ಮ ಇಳೆಯ ಳ ಈ ಕ್ಷಳವೋ, ಅಥವಾ ವೇದದ ಳ ನೇರವಾಗಿ ಉಳಿದುಬಂದದ್ದೋ? ಕ್ಷಳ ಅನ್ನುವುದು ನನಗೆ ಸರಿಯಾಗಿ ತೋರುತ್ತದೆ. ಯಾಕೆಂದರೆ ಕನ್ನಡಕ್ಕೆ ಈ ಪದ ಬಂದ ದಾರಿ ಕಾವ್ಯದ ಸಂಸ್ಕೃತದ್ದು. ಯಾವುದೇ ಆಗಲಿ, ಕನ್ನಡದಲ್ಲಿ ಬರೆಯುವಾಗ ಳ ಬಿಡಲು ಕಾರಣ ಕಾಣುವುದಿಲ್ಲ. ಬೆಂಗಳೂರಿನ ಶಾಲೆಯಲ್ಲಿ ಹೊರಗಿನಿಂದ ಬಂದ ಟೀಚರ್ ಇಲಾ ಎಂದು ಕರೆದರೆ ಕರೆಯಲಿ, ಅದು ಅವರ ನಾಲಿಗೆಯ ರೂಢಿ. ಜನನ ಪ್ರಮಾಣಪತ್ರದ ಕನ್ನಡ ಸಾಲಿನಲ್ಲಿ ಮಾತ್ರ ಇಳಾ ಎಂದೇ ಇರಬೇಕು.

ನಮ್ಮ ಚಿಕ್ಕಪ್ಪನ ಮಗ ಹಳಗನ್ನಡ ಓದಿದವನು. ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ "ಇೞಾ ಅಂತ ಬರೆಯಿರಿ, ಇಡೀ ರಾಜ್ಯದಲ್ಲಿ ಒಬ್ಬಳೇ ಆಗ್ತಾಳೆ" ಅಂದ. ಹಳಗನ್ನಡದ ಆ ೞ ಅಕ್ಷರ ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯೂನಿಕೋಡ್‌ನಲ್ಲಿದೆ (ಅದಕ್ಕೆ ಅಲ್ಲಿ ತಪ್ಪಾಗಿ ಫ ಎಂಬ ಹೆಸರು ಬಿದ್ದು, ಇವತ್ತಿಗೂ ಹಾಗೇ ಇದೆ). ಆದರೆ ೞ ಬರುವುದು ಮೞೆ, ಏೞ್, ಎಸೞ್ (ಈಗಿನ ಮಳೆ, ಏಳು, ಎಸಳು) ಇಂಥ ಅಚ್ಚಗನ್ನಡ ಪದಗಳಲ್ಲಿ. ಇಳೆಗೂ ಅದಕ್ಕೂ ಸಂಬಂಧವಿಲ್ಲ. ಅಪರೂಪವಾಗಿ ಕಾಣಲಿ ಅಂತ ಸುಮ್ನೆ ತಂದು ಹಚ್ಚಿದರೆ ಪದವೇ ಕೆಡುತ್ತದೆ. ಆ ಅಕ್ಷರ ಬೇಕೇ ಬೇಕು ಅನ್ನುವ ತಂದೆತಾಯಿ ಯಾರಾದರೂ ಇದ್ದರೆ ಮಗಳಿಗೆ ಎಸೞ್ ಎಂದು ಇಡಲಿ, ಚೆಂದದ ಹೆಸರು.

ಇನ್ನು ಇಳಾ ಬೇಕೋ ಇಳೆ ಬೇಕೋ. ಕನ್ನಡದ ಜಾಯಮಾನ ನೋಡಿದರೆ ಇಳೆಯೇ ಸರಿ. ಮಾಲಾ ಮಾಲೆ ಆದಂತೆ, ಶಾಲಾ ಶಾಲೆ ಆದಂತೆ, ಗಂಗಾ ಗಂಗೆ ಆದಂತೆ. ವೈನಿಗೂ ಮೊದಲು ಮನಸ್ಸಿಗೆ ಬಂದದ್ದು ಇಳೆಯೇ. ಆದರೆ ಮಗು ಬೆಳೆಯುವುದು ನಮ್ಮ ಅವ್ವನ ಮುಂದೆ. ನಮ್ಮ ಕಡೆ ಮನೆ ಹೋಗಿ ಮನಿ ಆಗುತ್ತದೆ, ಶಾಲೆ ಹೋಗಿ ಸಾಲಿ ಆಗುತ್ತದೆ. ಇಳೆ ಅನ್ನುವುದು ಅವ್ವನ ಬಾಯಲ್ಲಿ ಮೊದಲ ದಿನವೇ ಇಳಿ ಆಯಿತು. ಬಸ್ಸಿನಲ್ಲಿ ಕಂಡಕ್ಟರ್ "ಇಳಿ, ಇಳಿ" ಅಂದಾಗಲೆಲ್ಲ ತಿರುಗಿ ನೋಡುವಂಥ ಹೆಸರು ಆ ಮಗುವಿಗೆ ಬೇಡ. ಮಂಡ್ಯದಲ್ಲಿ ಈ ತೊಂದರೆ ಇಲ್ಲ, ಅಲ್ಲಿ ಮನೆ ಮನೆಯಾಗಿಯೇ ಉಳಿದಿದೆ. ಎರಡೂ ಊರಿನಲ್ಲಿ ನಿಲ್ಲುವ ರೂಪ ಇಳಾ. ಹಾಗಾಗಿ ವ್ಯಾಕರಣಕ್ಕಿಂತ ಅವ್ವನ ನಾಲಿಗೆಯ ಮಾತನ್ನೇ ಕೇಳಿದ್ದೇವೆ. ಇದು ಸರಿಯೇ, ಹೇಳಿ.

ಇಂಗ್ಲಿಷಿನ ಕಾಗುಣಿತದ್ದೇ ಜಾಸ್ತಿ ಗದ್ದಲ. ಐ, ಎಲ್, ಎ ಎಂಬ ಮೂರು ಅಕ್ಷರ ಸಾಕು ಅಂತ ನನ್ನ ಮಾತು. ಸಂಬಂಧಿಕರಲ್ಲಿ ಒಬ್ಬರು ಸಂಖ್ಯಾಶಾಸ್ತ್ರ ನೋಡುತ್ತಾರೆ. ಅವರ ಲೆಕ್ಕದಲ್ಲಿ ಐಗೆ 1, ಎಲ್‌ಗೆ 3, ಎಗೆ 1, ಕೂಡಿದರೆ 5. ಇನ್ನೊಂದು ಎಲ್, ಇನ್ನೊಂದು ಎ ಸೇರಿಸಿದರೆ 9 ಬರುತ್ತದೆ, ಅದು ಒಳ್ಳೆಯದು ಅಂತಾರೆ. ಆದರೆ ಎರಡು ಎಲ್ ಹಾಕಿದ ಕೂಡಲೇ ಕನ್ನಡಿಗರು ಅದನ್ನು ಇಲ್ಲಾ ಎಂದೇ ಓದುತ್ತಾರೆ! ಹಾಜರಿ ಕೂಗುವಾಗ ಟೀಚರ್ "ಇಲ್ಲಾ" ಅನ್ನಬೇಕು, ಮಗು ಎದ್ದು ನಿಂತು "ಇದ್ದೀನಿ" ಅನ್ನಬೇಕು. ಹತ್ತು ವರ್ಷ ದಿನಾ ಅದನ್ನು ಕೇಳುವ ಮಗುವಿನ ಬಗ್ಗೆ ಯೋಚಿಸಿದರೆ ನನಗೆ ಸಂಕಟವಾಗುತ್ತದೆ. ಶುರುವಿಗೆ ಎರಡು ಇ ಹಾಕಿದರೆ ಈಳಾ ಆಗಿ ಈಳಿಗೆಮಣೆ ನೆನಪಾಗುತ್ತದೆ. ತಮಿಳರ ಹಾಗೆ ಝಡ್ ಎಚ್ ಹಾಕಿದರೆ ಅವರು ಬೇರೆಯೇ ಅಕ್ಷರ ಓದಿಕೊಳ್ಳುತ್ತಾರೆ, ನಮ್ಮವರು ಇಝಾ ಅನ್ನುತ್ತಾರೆ. ಎಷ್ಟು ಅಕ್ಷರ ಸೇರಿಸಿದರೂ ಇಂಗ್ಲಿಷ್ ಲಿಪಿಗೆ ಳ ಹೊರಲು ಆಗುವುದಿಲ್ಲ. ಹಾಗಿದ್ದ ಮೇಲೆ ಇದ್ದುದರಲ್ಲಿ ಚಿಕ್ಕದನ್ನೇ ಇಟ್ಟುಕೊಳ್ಳೋಣ ಅಂತ ನನಗೆ.

ಅದರಲ್ಲೂ ಒಂದು ತೊಡಕಿದೆ. ಕಂಪ್ಯೂಟರಿನ ಎಷ್ಟೋ ಅಕ್ಷರಶೈಲಿಗಳಲ್ಲಿ ದೊಡ್ಡ ಐ ಮತ್ತು ಚಿಕ್ಕ ಎಲ್ ಎರಡೂ ಒಂದೇ ನೆಟ್ಟಗಿನ ಗೆರೆ. ಹೆಸರು ಎರಡು ಎಲ್‌ನಿಂದ ಶುರುವಾದಂತೆ ಕಾಣುತ್ತದೆ. ಪೂರ್ತಿ ದೊಡ್ಡಕ್ಷರದಲ್ಲಿ ಬರೆದರೆ ಸರಿಹೋಗುತ್ತದೆ. ಸದ್ಯ ಅರ್ಜಿಗಳಲ್ಲೆಲ್ಲ ದೊಡ್ಡಕ್ಷರವನ್ನೇ ಕೇಳುತ್ತಾರೆ.

ಎರಡನೇ ಹೆಸರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಅಂತ ಕ್ರಮ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಅಂದ ಹಾಗೆ. ಮಂಡ್ಯದ ಕಡೆ ಊರು, ತಂದೆ ಎರಡೂ ಮುಂದೆ ಬಂದು ಇನಿಷಿಯಲ್ ಆಗುತ್ತವೆ. ಕೆ.ಎಸ್. ನರಸಿಂಹಸ್ವಾಮಿಯವರ ಕೆ ಅಂದರೆ ಕಿಕ್ಕೇರಿ, ವೈನಿಯ ತವರಿಗೆ ಹತ್ತಿರದ ಊರು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಎರಡನೇ ಹೆಸರಿಗೆ ಬೇರೆ ಖಾನೆಯೂ ಅಲ್ಲಿಲ್ಲ, ಮೊದಲ ಹೆಸರಿನ ಜೊತೆಗೇ ಕೂತುಕೊಳ್ಳುತ್ತದೆ.

ಅವ್ವನಿಗೆ ಅಣ್ಣನ ಹೆಸರೇ ಇರಬೇಕು. ವೈನಿಗೆ ತನ್ನ ಊರಿನ ನದಿ ಹೇಮಾವತಿಯ ಹೆಸರು ಇಡುವಾಸೆ. ಇಳಾ ಹೇಮಾವತಿ, ನೆಲ ಮತ್ತು ನೀರು. ಕೇಳಲು ನಿಜಕ್ಕೂ ಚೆನ್ನಾಗಿದೆ. ಆದರೆ ಧಾರವಾಡದಲ್ಲಿ ಯಾರೇ ಓದಿದರೂ ಹೇಮಾವತಿ ಅಂದರೆ ಅವ್ವನ ಹೆಸರಾ ಅಂತ ಕೇಳುತ್ತಾರೆ, ಆ ಜಾಗ ನಮ್ಮಲ್ಲಿ ಹೆತ್ತವರದು. ಅದಕ್ಕೆ ನಾನು ಹೇಳಿದೆ: ಹಾಗಾದರೆ ವೈನಿ, ನಿಮ್ಮ ಹೆಸರನ್ನೇ ಯಾಕೆ ಇಡಬಾರದು?

ಇದಕ್ಕೆ ನನ್ನದೇ ಕಾರಣವಿದೆ. ನಮ್ಮಲ್ಲಿ ಹೆಣ್ಣುಮಕ್ಕಳ ನಡುವಿನ ಹೆಸರು ಮದುವೆಯಾದ ಮೇಲೆ ಬದಲಾಗುತ್ತದೆ, ತಂದೆ ಹೋಗಿ ಗಂಡ ಬರುತ್ತಾನೆ. ನನ್ನ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಒಂದು ಹೆಸರು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಇಬ್ಬರೂ ಒಬ್ಬಳೇ ಎಂದು ಅಫಿಡವಿಟ್ ಮಾಡಿಸಿ ಇಟ್ಟುಕೊಂಡಿದ್ದೇನೆ. ತಾಯಿಯ ಹೆಸರಿದ್ದರೆ ಅದನ್ನು ತೆಗೆದು ಗಂಡನ ಹೆಸರು ಹಾಕಿ ಎಂದು ಯಾರಿಗೂ ಅಷ್ಟು ಸಲೀಸಾಗಿ ಹೇಳಲು ಬಾಯಿ ಬರುವುದಿಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ 2024ರ ಮೇ 1ರಿಂದ ಹುಟ್ಟಿದ ಮಕ್ಕಳಿಗೆ ಸರ್ಕಾರಿ ದಾಖಲೆಯಲ್ಲಿ ಮೊದಲು ಮಗುವಿನ ಹೆಸರು, ಆಮೇಲೆ ತಾಯಿ, ಆಮೇಲೆ ತಂದೆ, ಕೊನೆಗೆ ಅಡ್ಡಹೆಸರು ಅಂತ ಮಾಡಿದ್ದಾರೆ. ಇದು ಇವತ್ತಿನ ಫ್ಯಾಶನ್ ಅನ್ನುವವರಿಗೆ ಹಳೆಯದನ್ನೂ ತೋರಿಸಬಹುದು. ಬನವಾಸಿಯ ಕದಂಬರು, ಬಾದಾಮಿಯ ಚಾಲುಕ್ಯರು ಶಾಸನಗಳಲ್ಲಿ ತಮ್ಮನ್ನು ಹಾರೀತಿಪುತ್ರರು, ಅಂದರೆ ಹಾರೀತಿ ಎಂಬ ತಾಯಿಯ ಮಕ್ಕಳು, ಎಂದು ಕರೆದುಕೊಂಡರು. ಅದಕ್ಕೂ ಹಿಂದೆ ಹೋದರೆ ಪುರಾಣದ ರಾಜ ಪುರೂರವ. ಋಗ್ವೇದದಲ್ಲಿ ದೇವತೆಗಳು ಅವನನ್ನು ಐಳ ಎಂದು ಕರೆಯುತ್ತಾರೆ, ಅಂದರೆ ಇಳೆಯ ಮಗ. ಇಳಾ ಎಂಬ ಹೆಸರೇ ಹೀಗೆ ಮಗನ ಹೆಸರಿಗೆ ಸೇರಿಕೊಂಡಿರುವಾಗ, ನಮ್ಮ ಇಳಾಳ ಹೆಸರಿಗೆ ಅವಳ ತಾಯಿಯ ಹೆಸರು ಸೇರಿದರೆ ತಪ್ಪೇನು? ಅವ್ವ ಇನ್ನೂ ಹೂಂ ಅಂದಿಲ್ಲ, ಬೇಡ ಅಂತಲೂ ಅಂದಿಲ್ಲ.

ಸಮಯವಂತೂ ಇದೆ. ಜನನ ನೋಂದಣಿ ಆಗಿದೆ, ಹೆಸರಿನ ಜಾಗ ಮಾತ್ರ ಖಾಲಿ. ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆದರೆ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ, ಪಾಸ್‌ಪೋರ್ಟಿಗೆ ಎಲ್ಲದಕ್ಕೂ ಹುಟ್ಟಿದ ದಿನದ ಪುರಾವೆ ಈ ಪತ್ರವೇ. ಒಮ್ಮೆ ಬರೆಸಿದ್ದು ಜೀವನಪೂರ್ತಿ ಜೊತೆಗೆ ಬರುತ್ತದೆ. ಅದಕ್ಕೇ ಇಷ್ಟು ಜಗ್ಗಾಡುತ್ತಿದ್ದೇನೆ.

ಕೊನೆಯದಾಗಿ ತುರ್ತಿನ ಪ್ರಶ್ನೆ. ಆಮಂತ್ರಣ ಪತ್ರಿಕೆಯಲ್ಲಿ "ಇಳಾಳ ತೊಟ್ಟಿಲು" ಅಂತ ಬರೆಯಬೇಕೋ "ಇಳೆಯ ತೊಟ್ಟಿಲು" ಅಂತಲೋ? ಸೀತಾಳ, ಸೀತೆಯ ಎರಡೂ ಬಳಕೆಯಲ್ಲಿವೆ. ಆದರೆ ಇಳಾಳ ಅನ್ನುವಾಗ ಎರಡು ಳ ಬೆನ್ನಿಗೆ ಬೆನ್ನು ಬಂದು ನಾಲಿಗೆ ತಡೆಯುತ್ತದೆ. ಇಳೆಯ ಅಂದರೆ ಓದುವವರಿಗೆ ಹೆಸರೇ ಇಳೆ ಅನ್ನಿಸಬಹುದು. "ಚಿ. ಇಳಾ, ತೊಟ್ಟಿಲು ಕಾರ್ಯಕ್ರಮ" ಅಂತ ವಿಭಕ್ತಿಯನ್ನೇ ತಪ್ಪಿಸಿ ಬರೆಯುವುದು ಒಳ್ಳೆಯದೇ? ಅಚ್ಚಿನವರು ಶನಿವಾರದೊಳಗೆ ಬರಹ ಕೊಡಿ ಅಂದಿದ್ದಾರೆ.