‘ವರ್ಕ್ ಫಂಕ್ಷನ್’ – ‘ಕಾರ್ಯಫಲನ’ ಸಾಕೇ?

ದ್ಯುತಿವಿದ್ಯುತ್ ಪರಿಣಾಮವನ್ನು, ಅಂದರೆ ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನ್‌ಗಳು ಹೊರಬೀಳುವುದನ್ನು, ಕನ್ನಡದಲ್ಲಿ ವಿವರಿಸುವಾಗ ‘ವರ್ಕ್ ಫಂಕ್ಷನ್’ ಎಂಬುದಕ್ಕೆ ಯಾವ ಪದ ಬಳಸಬೇಕೆಂದು ತಿಳಿದವರನ್ನು ಕೇಳಬಯಸುತ್ತೇನೆ. ಪದಕ್ಕೆ ಪದವಿಟ್ಟು ‘ಕಾರ್ಯಫಲನ’ ಎಂದರೆ, ಗಣಿತ ಓದಿದ ವಿದ್ಯಾರ್ಥಿ ಇದು ಯಾವ ಚರದ ಫಲನವೆಂದು ಕೇಳಿಯೇ ಕೇಳುತ್ತಾನೆ. ಇಲ್ಲಿರುವುದಾದರೋ ಲೋಹದೊಳಗಿನ ಎಲೆಕ್ಟ್ರಾನನ್ನು ಮೇಲ್ಮೈಯಿಂದಾಚೆಗೆ ತರಲು ಬೇಕಾಗುವ ಕನಿಷ್ಠ ಶಕ್ತಿ ಮಾತ್ರ.

ಜರ್ಮನ್ನರು ಇದನ್ನು ‘ಹೊರಬರುವ ಕೆಲಸ’ ಎಂಬರ್ಥದ ಪದದಿಂದ ಕರೆಯುತ್ತಾರೆ. ಅದೇ ಜಾಡಿನಲ್ಲಿ ‘ನಿರ್ಗಮನ ಶಕ್ತಿ’ ಎನ್ನಬಹುದಿತ್ತು. ಆದರೆ ಐನ್‌ಸ್ಟೈನ್ 1905ರಲ್ಲಿ ಕೊಟ್ಟ ಸಮೀಕರಣದಲ್ಲಿ ಫೋಟಾನಿನ (ಬೆಳಕಿನ ಕಣದ) ಶಕ್ತಿಯಿಂದ ಈ ಮೊತ್ತವನ್ನು ಕಳೆದರೆ ಉಳಿಯುವುದು ಹೊರಬಿದ್ದ ಎಲೆಕ್ಟ್ರಾನಿನ ಗರಿಷ್ಠ ಚಲನಶಕ್ತಿಯಾದ್ದರಿಂದ, ‘ನಿರ್ಗಮನ ಶಕ್ತಿ’ಯನ್ನು ಓದುಗರು ಆ ಉಳಿಕೆಯೆಂದೇ ತಿಳಿದುಬಿಡುವ ಅಪಾಯವಿದೆ. ‘ಬಿಡುಗಡೆ ಶಕ್ತಿ’ ಇನ್ನೂ ಕೆಟ್ಟದ್ದು; ಅದು ಹೊರಸೂಸುವ ಶಕ್ತಿಯೆಂದೇ ಕೇಳಿಸುತ್ತದೆ.

‘ಅಯನೀಕರಣ ಶಕ್ತಿ’ಯನ್ನು ಇಲ್ಲಿಗೆ ಎಳೆಯುವುದಂತೂ ತಪ್ಪು. ಒಂಟಿ ಸೋಡಿಯಂ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕೀಳಲು 5.14 ಎಲೆಕ್ಟ್ರಾನ್ ವೋಲ್ಟ್ (ಇಂಥ ಸಣ್ಣ ಶಕ್ತಿಗಳನ್ನು ಅಳೆಯುವ ಮಾನ) ಬೇಕು. ಸೋಡಿಯಂ ಲೋಹದ ತುಂಡಿನಿಂದಾದರೆ ಅದರ ಅರ್ಧಕ್ಕಿಂತ ಕಡಿಮೆ, ಸುಮಾರು 2.3 ಸಾಕು. ಲೋಹದ ಈ ಬೆಲೆಯೂ ಮೇಲ್ಮೈಯನ್ನು ಅವಲಂಬಿಸಿದೆ: ತಾಮ್ರದ ಒಂದೇ ಹರಳಿನ ಬೇರೆ ಬೇರೆ ಮುಖಗಳಲ್ಲಿ ಬೇರೆ ಬೇರೆ ಬೆಲೆ ಬರುತ್ತದೆ, ಟಂಗ್‌ಸ್ಟನ್ನಿನ ಸುಮಾರು 4.5 ಎಲೆಕ್ಟ್ರಾನ್ ವೋಲ್ಟ್, ಅದರ ಮೇಲೆ ಥೋರಿಯಂನ ತೆಳು ಪದರವಿದ್ದರೆ 2.6ರ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ಪದ ಯಾವುದೇ ಇರಲಿ, ವಿವರಣೆಯಲ್ಲಿ ‘ಮೇಲ್ಮೈ’ ಎಂಬ ಮಾತು ಬಿಟ್ಟುಹೋಗಬಾರದು.

ನನ್ನ ಒಲವು ‘ಹೊಸ್ತಿಲು ಶಕ್ತಿ’ಯ ಕಡೆಗಿದೆ. ಅದು ‘ಹೊಸ್ತಿಲು ಆವೃತ್ತಿ’ಯ (ಎಲೆಕ್ಟ್ರಾನನ್ನು ಹೊರತರಲು ಬೆಳಕಿಗೆ ಇರಬೇಕಾದ ಕನಿಷ್ಠ ಆವೃತ್ತಿಯ) ಜೊತೆಗೆ ಹೊಂದುತ್ತದೆ, ಕನ್ನಡದ ಕಿವಿಗೂ ಹಿತವಾಗಿದೆ. ಸತುವಿನ ಹೊಸ್ತಿಲು ಸುಮಾರು 4.3 ಎಲೆಕ್ಟ್ರಾನ್ ವೋಲ್ಟ್ ಎತ್ತರದ್ದು, ಆದ್ದರಿಂದ ಗೋಚರ ಬೆಳಕು ಎಷ್ಟೇ ಪ್ರಖರವಾಗಿದ್ದರೂ ಸಾಲದು, ಅತಿನೇರಳೆ ಕಿರಣವೇ ಬೇಕು ಎಂದರೆ ವಿಷಯ ಥಟ್ಟನೆ ತಿಳಿಯುತ್ತದೆ.

ಒಂದು ತೊಡಕು ಉಳಿದಿದೆ. ಕಾಯಿಸಿದ ತಂತಿಯಿಂದ ಎಲೆಕ್ಟ್ರಾನ್‌ಗಳು ಹೊಮ್ಮುವುದನ್ನು ಲೆಕ್ಕಹಾಕುವ ರಿಚರ್ಡ್‌ಸನ್ನರ ಸೂತ್ರದಲ್ಲಿಯೂ ಇದೇ ರಾಶಿ ಬರುತ್ತದೆ, ಆದರೆ ಅಲ್ಲಿ ‘ಇಷ್ಟು ಉಷ್ಣತೆಯಿಂದ ಕೆಳಗೆ ಏನೂ ಹೊಮ್ಮದು’ ಎಂಬ ಖಚಿತ ಹೊಸ್ತಿಲು ಇಲ್ಲ. ಹೊಮ್ಮುವಿಕೆ ಉಷ್ಣತೆಯೊಡನೆ ಏರುತ್ತ ಹೋಗುತ್ತದೆ, ಅಷ್ಟೇ. ಬೆಳಕು, ಶಾಖ ಎರಡೂ ಸಂದರ್ಭಗಳಿಗೆ ಒಪ್ಪುವ ಪದವನ್ನು ಯಾರಾದರೂ ತಮ್ಮ ಬರಹದಲ್ಲಿ ಬಳಸಿದ್ದರೆ ದಯವಿಟ್ಟು ತಿಳಿಸಬೇಕು.